ನೆಲದಿಂದ ಒಂದು ಗೇಣು

ಫಿನಾಯಿಲ್ ವಾಸನೆ ನೆಲದಿಂದ ಎದ್ದು ಬರುತ್ತಿದೆ, ಈಗ ತಾನೇ ಒರೆಸಿದ್ದಾರೆ, ಪ್ರಾಣಿಗಳ ಆಸ್ಪತ್ರೆಯ ಈ ಬೆಂಚಿನ ಕೆಳಗೆ ನಮ್ಮ ನಾಯಿ ಮೂಗನ್ನು ನೆಲಕ್ಕೇ ಒತ್ತಿ ಮಲಗಿದೆ, ನನಗಿಂತ ಮೊದಲು ಅದರ ಎದೆಗೆ ಹೋಗುತ್ತದೆ ಈ ವಾಸನೆ, ಎಲ್ಲವೂ ಹಾಗೆಯೇ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಬದುಕುವವರಿಗೆ ಎಲ್ಲವೂ ಮೊದಲು, ನಾಯಿಗೆ, ಅಂಬೆಗಾಲಿಡುವ ಮಗುವಿಗೆ. ಮಗು ನನ್ನ ತೊಡೆಯ ಮೇಲಿದೆ, ಕೆಳಗೆ ಬಿಡು ಎಂದು ಒದೆಯುತ್ತಿದೆ. ಬಿಡುವುದಿಲ್ಲ. ನಾಯಿಯ ಮೂತ್ರದಲ್ಲಿ ರಕ್ತ ಕಂಡಾಗಿನಿಂದ ಇವಳನ್ನು ನೆಲ ಮುಟ್ಟಿಸಿಲ್ಲ, ಮಂಚ, ಸೊಂಟ, ತೊಡೆ, ಮತ್ತೆ ಮಂಚ, ಅಲ್ಲ ಕಣೆ ಎಷ್ಟು ದಿನ ಅಂತ ಹೊತ್ಕೊಂಡು ತಿರುಗ್ತೀಯ, ಮಗು ಏನು ನೀರಿನ ಕೊಡಾನಾ ಎಂದರು ಅತ್ತೆ, ಅವರಿಗೆ ಹೇಳುವುದು ಹೇಗೆ, ಅವರ ಮಗನಿಗೂ ಹೀಗೇ ಶುರುವಾಗಿದ್ದು, ಇದೇ ತೆಳುಗೆಂಪು, ಮೂತ್ರಕೋಶದ ಕ್ಯಾನ್ಸರ್, ಮಗು ಆಗ ಹೊಟ್ಟೆಯಲ್ಲಿತ್ತು, ಹುಟ್ಟುವಷ್ಟರಲ್ಲಿ ಅವನಿರಲಿಲ್ಲ. ಹಿಂದಿನ ಕೋಣೆಯಲ್ಲಿ ಹಳೇ ಕುರ್ಚಿಗಳಿಗೆ ಪಾಲಿಶ್ ಹಾಕುತ್ತಿದ್ದ, ಥಿನ್ನರ್, ವಾರ್ನಿಷ್, ಕಿಟಕಿ ತೆಗೆಯೋ ಅಂದರೆ ಧೂಳು ಕೂತ್ರೆ ಪಾಲಿಶ್ ಕೆಡುತ್ತೆ ಕಣೆ ಅನ್ನುತ್ತಿದ್ದ, ಕಾಲ ಬಳಿ ನಾಯಿ, ಏನೂ ಮಾಡದೆ ಬರೀ ನೋಡ್ತಾ ಕೂರ್ತಾನೆ, ಇವನೇ ನಮ್ಮ ಮ್ಯಾನೇಜರ್ ಅನ್ನುತ್ತಿದ್ದ — ನಾಯಿಗೆ ಅದೇ ಹೆಸರು ನಿಂತುಹೋಯಿತು. ಈಗ ನಾಯಿಗೂ ಅದೇ ಬಂದಿದ್ದರೆ ತಪ್ಪು ಮನೆಯದು, ಆ ಗೋಡೆಯದು, ಆ ನೆಲದ್ದು, ಮುಂದಿನ ಸರದಿ — ಇಲ್ಲ, ಆ ಕಡೆ ಹೋಗಬೇಡ.

ಮ್ಯಾನೇಜರ್ ಯಾರ್ರೀ, ಒಳಗೆ ಬನ್ನಿ, ಕಾಂಪೌಂಡರ್ ಕೂಗಿದ, ಬೆಕ್ಕಿನ ಬುಟ್ಟಿ ಹಿಡಿದಿದ್ದ ಟೈ ಕಟ್ಟಿದ ಗೃಹಸ್ಥರು ಅರ್ಧ ಎದ್ದು ಮತ್ತೆ ಕೂತರು, ಅತ್ತೆ ನಕ್ಕುಬಿಟ್ಟರು, ನಾನೂ ನಗಬಹುದಿತ್ತು. ಡಾಕ್ಟರು ಕೈ ಒರೆಸಿಕೊಳ್ಳುತ್ತಿದ್ದಾರೆ, ಒಂದೊಂದೇ ಬೆರಳು, ಇಷ್ಟು ನಿಧಾನ ಯಾಕೆ, ಅವನ ಡಾಕ್ಟರೂ ಅವತ್ತು ಕನ್ನಡಕವನ್ನು ಹೀಗೇ ಒರೆಸುತ್ತ ನಿಂತಿದ್ದರು, ಒರೆಸಿ ಒರೆಸಿ ಕೊನೆಗೆ — ಕೂತ್ಕೊಳ್ಳಿ, ಗೆಡ್ಡೆ ಅಲ್ಲ, ಕಲ್ಲು. ಏನು. ಮೂತ್ರಕೋಶದಲ್ಲಿ ಕಲ್ಲಿದೆ, ಸ್ಕ್ಯಾನಲ್ಲಿ ಇಲ್ನೋಡಿ ಬೆಳ್ಳಗೆ, ಮೂತ್ರದ ಪರೀಕ್ಷೇಲೂ ಕ್ಯಾನ್ಸರ್ ಲಕ್ಷಣ ಏನೂ ಇಲ್ಲ, ಕಲ್ಲು ತೆಗೀಬೇಕು, ಅಷ್ಟೇ. ಕಲ್ಲಾ, ಅತ್ತೆ ಶುರುಮಾಡಿದರು, ಹಾಳಾದ್ದು ಕಂಡಿದ್ದಕ್ಕೆಲ್ಲಾ ಬಾಯಿ ಹಾಕುತ್ತೆ ಡಾಕ್ಟ್ರೇ, ಅಂಗಳದ ಜಲ್ಲಿ ನುಂಗಿರುತ್ತೆ. ನುಂಗಿ ಆಗೋದಲ್ಲ ಅಮ್ಮ ಅದು. ಕಲ್ಲು. ಎಂಥ ಒಳ್ಳೆಯ ಪದ, ಗಟ್ಟಿ, ಕೈಯಲ್ಲಿ ಹಿಡಿಯಬಹುದು, ಎತ್ತಿ ಎಸೆಯಬಹುದು. ಮಗುವಿನ ಹಿಮ್ಮಡಿ ಹೊಟ್ಟೆಗೆ ಬಡಿಯುತ್ತಿದೆ, ನೋಯುತ್ತಿದೆ, ಎಷ್ಟು ಹೊತ್ತಿನಿಂದ ನೋಯುತ್ತಿತ್ತೋ. ಡಾಕ್ಟರು ಮಾತಾಡುತ್ತಲೇ ಇದ್ದಾರೆ, ಈ ಊರಿನ ನಾಯಿ ಬೆಕ್ಕುಗಳಿಗೆ ಯಾವ ಕ್ಯಾನ್ಸರ್ ಬರುತ್ತೆ, ಯಾವ ಬೀದೀಲಿ ಬರುತ್ತೆ ಅಂತ ನಾವು ಲೆಕ್ಕ ಇಡ್ತಿದೀವಿ, ಮನುಷ್ಯರ ಆಸ್ಪತ್ರೆಯವರೂ ಜೊತೆಗಿದಾರೆ, ಒಂದೇ ಮನೆ ಒಂದೇ ಗಾಳಿ ಅಲ್ವಾ, ಅವುಗಳ ಆಯಸ್ಸು ಸಣ್ಣದು, ನಮ್ಮಲ್ಲಿ ಎಷ್ಟೋ ವರ್ಷಕ್ಕೆ ಕಾಣೋದು ಅವುಗಳಲ್ಲಿ ಬೇಗ ಕಾಣಬಹುದು, ಹೋಲಿಸಿ ನೋಡೋಕೆ ಕ್ಯಾನ್ಸರ್ ಇಲ್ಲದ ನಾಯೀನೂ ಬೇಕು, ವರ್ಷಕ್ಕೊಂದ್ಸಲ ಕರ್ಕೊಂಡು ಬರ್ತೀರಾ, ಅಂದ್ಹಾಗೆ ಮನೇಲಿ ಯಾರಿಗಾದ್ರೂ ಇತ್ತಾ. ಅತ್ತೆ ಗೋಡೆಯ ಮೇಲಿನ ಕುದುರೆಯ ಚಿತ್ರ ನೋಡತೊಡಗಿದರು. ಇತ್ತು, ನನ್ನ ಗಂಡನಿಗೆ, ಮೂತ್ರಕೋಶದ್ದು, ಹೋಗಿಬಿಟ್ರು — ಮನೆ ವಿಳಾಸ ಹೇಳುವ ಧ್ವನಿಯಲ್ಲಿ ಹೇಳಿದೆ, ಹೇಳಿದ ಮೇಲೆ ಅದು ನನ್ನದೇ ಧ್ವನಿ ಎಂದು ಗೊತ್ತಾಯಿತು. ಹಿಂದಿನ ಕೋಣೇಲಿ ಅವರ ಪಾಲಿಶ್ ಡಬ್ಬಿಗಳು ಇನ್ನೂ ಇವೆ, ಮಗೂನ ನೆಲಕ್ಕೇ ಬಿಟ್ಟಿಲ್ಲ ನಾನು, ಹಾಗಾದ್ರೆ ನಮ್ಮನೇಲಿ ಏನೂ ಇಲ್ಲ ಅಂತಾನಾ. ಒಂದು ನಾಯಿ ನೋಡಿ ಮನೆಗೆ ಸರ್ಟಿಫಿಕೇಟ್ ಕೊಡೋಕಾಗಲ್ಲ, ಅದಕ್ಕೇ ಸಾವಿರಾರು ಬೇಕು ನಮಗೆ, ಆ ಪಾಲಿಶ್ ಡಬ್ಬಿಗಳನ್ನ ಮನೆಯಿಂದಾಚೆ ಕಳಿಸಿ, ಕಿಟಕಿ ತೆಗ್ದಿಡಿ, ಮಗೂನ ಆಡೋಕೆ ಬಿಡಿ.

ಮತ್ತೆ ಅವನಿಗೆ ಯಾಕೆ ಬಂತು. ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ, ಆ ಸಾವಿರಾರು ನಾಯಿಗಳೆಲ್ಲ ಬಂದು ಹೋದ ಮೇಲೆ ಯಾರಿಗೋ ಗೊತ್ತಾಗಬಹುದು, ನನಗೆ ಇವತ್ತಿಗೆ ಇಷ್ಟು ಸಾಕು. ಸಾಕು ಅನ್ನಿಸುವುದು ತಪ್ಪೇನೋ, ತಪ್ಪಾದರೂ ಸರಿ. ಮನೆಗೆ ಬಂದ ಮೇಲೆ ಡಬ್ಬಿಗಳನ್ನು ಹಳೇ ಸಾಮಾನಿನವನು ಒಯ್ದ, ಹಿಂದಿನ ಕೋಣೆಯ ಕಿಟಕಿ ಜಾಮ್ ಆಗಿತ್ತು, ಅತ್ತೆ ಲಟ್ಟಣಿಗೆಯಿಂದ ಗುದ್ದಿ ತೆಗೆದರು, ಇಷ್ಟೇ ಕಣೆ, ಇದಕ್ಕೆ ಎರಡು ಗುದ್ದು ಬೇಕಿತ್ತು ಅಷ್ಟೇ ಎಂದು ಆ ಕಡೆ ತಿರುಗಿ ಮೂಗು ಒರೆಸಿಕೊಂಡರು, ಗಾಳಿ ಬಂತು, ನಾಯಿ ಮಗ್ಗುಲು ಬದಲಿಸಿತು, ನಾನು ಬಗ್ಗಿದೆ, ಸೊಂಟ ಹಿಡಿದಿತ್ತು, ಮಗುವನ್ನು ಹಜಾರದ ನೆಲದ ಮೇಲೆ ಬಿಟ್ಟೆ. ಅವಳು ನಂಬಲಿಲ್ಲ, ನನ್ನ ಮುಖ ನೋಡಿದಳು, ಬಾಯಲ್ಲಿದ್ದ ಕೈಯನ್ನು ತೆಗೆದು ನೆಲಕ್ಕೆ ಬಡಿದಳು, ಪಟ್, ಹೊರಟೇಬಿಟ್ಟಳು ನಾಯಿಯ ಕಡೆಗೆ, ಹಿಂದೆ ಜೊಲ್ಲಿನ ಅಂಗೈ ಗುರುತು, ಐದು ಬೆರಳು, ಅಂಚಿನಿಂದ ಒಣಗುತ್ತಿದೆ, ಅದರ ಮುಂದೆ ಇನ್ನೊಂದು ಅಂಗೈ, ಒದ್ದೆ, ಅದರ ಮುಂದೆ ಇನ್ನೊಂದು, ಅಂಗೈ