ಅಂಟಿನುಂಡಿ ತಿಂದ ಗುಂಡಿಗೆ

ಎಷ್ಟು ತಣ್ಣಗಿದೆ ಈ ನಳಿಗೆಯ ಬಿಲ್ಲೆ, ಎದೆಗೆ ತಾಗಿದ್ದೇ ಮೈ ಜುಮ್ಮೆಂದಿತು, ಉಸರ ಹಿಡೀರಿ ತಂಗೆವ್ವ, ಎನ್ನುತ್ತಾರೆ ನನ್ನನ್ನು ತಂಗಿ ಅಂತಲೇ ಕರೆಯುವ ಮುದ್ದೇಬಿಹಾಳದ ಡಾಕ್ಟರ್ ಶ್ರೀಶೈಲಪ್ಪ, ಹಿಡಿಯಲು ಇದ್ದರೆ ತಾನೆ, ಅಂಗಳ ಗುಡಿಸುವಷ್ಟರಲ್ಲಿ ಕಟ್ಟೆಗೆ ಕುಸಿಯುವವಳು ನಾನು — ನಿಮ್ಮ ತವರಾಗ ಯಾರರ ದುಡಿಯೂಮುಂದ ಹಂಗೇ ಬಿದ್ದು ಹೋಗ್ಯಾರೇನ್ರಿ ಶಮಶಾದಬಿ, ಹೋಗ್ಯಾರ್ರಿ, ನಮ್ಮಣ್ಣ ದಾವಲಮಲಿಕ, ಹೆಸರು ಬಾಯಿಗೆ ಬಂದದ್ದೇ ತಡ ತವರೂರು ಹೊರ್ತಿಯ ಗರಡಿಮನೆಯ ಕೆಮ್ಮಣ್ಣಿನ ವಾಸನೆ, ಎಣ್ಣೆ ಹಚ್ಚಿದ ಅಣ್ಣನ ಭುಜ, ಅದರ ಮೇಲೆ ಕೂತ ನಾನು, ಎಂಥ ಕಾಲ ಅದು, ಕಾರಹುಣ್ಣಿಮೆಗೆ ಗುಂಡುಕಲ್ಲು ಎತ್ತಿ ಬೆಳ್ಳಿ ಕಡಗ ಗೆದ್ದು ಬಂದರೆ ಅದು ಮೊದಲು ನನ್ನ ಕೈಗೇ, ಮೊಣಕೈ ದಾಟಿ ತೋಳಿಗೆ ಜಾರುತ್ತಿತ್ತು, ಏದುಸಿರು ಮಾತ್ರ ಅವನನ್ನು ಬಿಡಲಿಲ್ಲ, ಕಣ್ಣಿಗೆ ಕತ್ತಲಿ ಬರ್ತೈತಿ ಬೇ, ಎನ್ನುತ್ತಿದ್ದ, ತಾಕತ್ತು ಸಾಲವಲ್ದು ನಿನಗ, ಎಂದು ಅವ್ವ ತುಪ್ಪದಲ್ಲಿ ಗೋಂದು ಹುರಿದು ಕಟ್ಟಿದ ಅಂಟಿನುಂಡಿ ಇನ್ನೆರಡು ಕೊಡುವಳು, ಗರಡಿ ಕಲಿಸುವ ವಸ್ತಾದ ಕಾಸಿಂಸಾಬ ಬೈಠಕ್ ಹೆಚ್ಚಿಸುವನು, ಎಲ್ಲರಿಗೂ ಅದೇ ಸರಿ ಅನ್ನಿಸಿತ್ತು, ರಾಜ್ಯ ಒಂದಾದ ವರ್ಷ ಕಲ್ಲು ಎದೆಮಟ್ಟಕ್ಕೆ ಬಂದಿತ್ತು, ಅಣ್ಣ ಅಷ್ಟೇ ಎತ್ತಿದ್ದು, ಕಲ್ಲಿನ ಜೊತೆಗೇ ಬಿದ್ದ, ಮತ್ತೆ ಏಳಲಿಲ್ಲ. ದೃಷ್ಟಿ ಆಗೇತಿ ಅಂದರು ಊರವರು, ನಾನೂ ನಂಬಿದೆ.

ದೃಷ್ಟಿ ಅಲ್ಲವಂತೆ, ಸೊಲ್ಲಾಪುರದಲ್ಲಿ ತೆಗೆಸಿ ತಂದ ನನ್ನ ಎದೆಬಡಿತದ ಪಟ್ಟಿಯನ್ನು ಬೆಳಕಿಗೆ ಹಿಡಿದು ಡಾಕ್ಟರು ಹೇಳುತ್ತಿದ್ದಾರೆ, ಗುಂಡಿಗಿ ಅಂದ್ರ ಮಾಂಸರಿ, ಅದರಾಗ ಪ್ರೋಟೀನಿನ ಸಣ್ಣ ಎಳಿ ಇರ್ತಾವ, ಒಂದರಾಗೊಂದು ಸರಿದಾಗ ಗುಂಡಿಗಿ ಬಡೀತೈತಿ, ಆ ಎಳಿಯಾಗ ಏನೋ ಫರಕ ಇರಬೇಕು ಅಂತ ನನಗ ಅನುಮಾನ, ಮಾಂಸ ದಪ್ಪಾಗಿ ಒಳಗ ರಕ್ತಕ್ಕ ಜಾಗಾ ಸಾಲೂದಿಲ್ಲ, ಭಾರ ಎತ್ತಿದ್ರ ಬಡಿತ ತಪ್ಪತೈತಿ, ನಿಮ್ಮಣ್ಣಗೂ ಇದ ಇದ್ದೀತು — ಅಯ್ಯೋ ಅಣ್ಣಾ, ದಪ್ಪ ಮಾಂಸವೇ ನಮ್ಮ ಮನೆಯ ಜಂಭವಾಗಿತ್ತಲ್ಲೋ, ಉಂಡಿ ಕಟ್ಟುವಾಗ ಅವ್ವನ ಮುಖದಲ್ಲಿ ಎಷ್ಟು ಖುಷಿ, ಬೆರಳಿಗಂಟಿದ ತುಪ್ಪವನ್ನು ನನ್ನ ಕೆನ್ನೆಗೆ ಒರೆಸುತ್ತಿದ್ದಳು, ಆ ಮನೆ ಬೇಕು ನನಗೆ, ಈಗಲೇ ಬೇಕು — ನೀವು ಇನ್ನ ಭಾರ ಎತ್ತಬ್ಯಾಡ್ರಿ, ಆತ್ರಿ, ಎತ್ತೂದಿಲ್ರಿ, ಅದೇನು ಮಹಾ, ನೀರಿಗೆ ಮಗಳು ಮೆಹರಾಜ ಇದ್ದಾಳಲ್ಲ, ನನ್ನ ಉಸಿರು ಕೆಟ್ಟಾಗಿನಿಂದ ಮೆಟ್ಟಿಲುಬಾವಿಗೆ ಅವಳೇ ಹೋಗುತ್ತಾಳೆ, ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು, ಊರಿಗೆಲ್ಲ ಹೇಳಿಕೊಂಡು ಮೆರೆದಿದ್ದೆ — ಮಕ್ಕಳನ್ನೂ ತೋರಸ್ರಿ ತಂಗೆವ್ವ, ಇದು ರಕ್ತದಾಗ ಇಳದು ಬರ್ತೈತಿ. ಇಳದು ಬರ್ತೈತಿ. ಬಸ್ಸು ಯಾವಾಗ, ಸಂಜೆಗಂತೆ, ಸಂಜೆಯವರೆಗೆ ಬಾವಿಗೆ ಎಷ್ಟು ಸಲ ಇಳಿದಾಳು, ಬ್ಯಾಡ ಮೆಹರಾಜ, ಇಳಿಸು, ಇಲ್ಲಿಂದ ಕೂಗಿದರೆ ಕೇಳುವುದಿಲ್ಲ ಅವಳಿಗೆ, ಮೆಟ್ಟಿಲು ಹತ್ತುತ್ತಿದ್ದಾಳೆ, ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು, ಬಾಯಿ ತೆರೆದು ಉಸಿರು ಎಳೆಯುತ್ತಿದ್ದಾಳೆ, ತಲೆಯ ಮೇಲೊಂದು ಕೊಡ,