ಮನೆ ಮಗಳು

ವಾರ್ಡಿನ ಚುನಾವಣೆಗೆ ನಿಂತಿದ್ದ ವಾರಿಜಾ ಮೇಡಂಗೆ ಭಾಷಣ, ಕರಪತ್ರ ಬರೆದುಕೊಡುವುದು ನನ್ನ ಕೆಲಸ. 'ಅಭಿವೃದ್ಧಿಯ ಹರಿಕಾರಿಣಿ' ಎಂದು ಪಕ್ಷದವರು ಬರೆದದ್ದನ್ನು ಹೊಡೆದುಹಾಕಿ 'ನಿಮ್ಮ ಮನೆ ಮಗಳು' ಎಂದು ತಿದ್ದಿದವಳು ನಾನೇ. ಸವಕಲು ಮಾತು, ಗೊತ್ತು. ಚುನಾವಣೆ ಬಂತೆಂದರೆ ಊರಿಗೆಲ್ಲ ಮಕ್ಕಳು ಹುಟ್ಟಿಕೊಳ್ಳುತ್ತಾರೆ. ಆದರೂ ಯಡಿಯೂರಿನ ಬೀದಿಗಳಲ್ಲಿ ಆ ಮಾತಿನ ಮಹಿಮೆ ಕಂಡು ನಾನೇ ಬೆರಗಾದೆ. ನೀರು ಬರುತ್ತಿಲ್ಲ ಎಂದು ಜಗಳಕ್ಕೇ ಬಂದಿದ್ದ ಹೆಂಗಸೊಬ್ಬರು, ಮೇಡಂ "ನಾನು ನಿಮ್ಮನೆ ಮಗಳಮ್ಮ" ಎಂದದ್ದೇ ತಡ, ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಪಕ್ಕದ ಮನೆಯಾಕೆ ಕುಂಕುಮ ಇಟ್ಟು ಕಣ್ಣೊರೆಸಿಕೊಂಡರು. ಒಂದು ಪದಕ್ಕೆ ಇಷ್ಟು ಶಕ್ತಿಯೇ ಅನ್ನಿಸಿತು.

ನನ್ನ ಪಾಲಿಗೆ ಆ ಪದ ಸತ್ತು ವರ್ಷಗಳೇ ಕಳೆದಿದ್ದವು. ಜಾತಿ ಬಿಟ್ಟು ಮಾಧವನನ್ನು ಮದುವೆಯಾದ ದಿನ, ನನ್ನಪ್ಪ ಪರಮಶಿವಯ್ಯ "ನಂಗೆ ಮಗಳೇ ಇಲ್ಲ" ಅಂದವರು ಮತ್ತೆ ನನ್ನ ಮುಖ ನೋಡಿರಲಿಲ್ಲ. ಅಮ್ಮ ಕದ್ದು ಫೋನ್ ಮಾಡುತ್ತಿದ್ದಳು, ಅಷ್ಟೇ. ಅವರ ಮನೆ ಇರುವುದು ಅಲ್ಲೇ, ಕೆರೆಯ ಹಿಂದಿನ ರಸ್ತೆಯಲ್ಲಿ. ಆ ರಸ್ತೆಗೆ ಬೇರೆ ಯಾರನ್ನಾದರೂ ಕಳಿಸೋಣವೆಂದಿದ್ದೆ.

"ಇದೊಂದು ರೋಡ್ ಮುಗಿಸೇ ಬಿಡೋಣ, ಬಾ ಸಂಗೀತಾ" ಎಂದು ಮೇಡಂ ಹೊರಟೇಬಿಟ್ಟರು. ಬೇಡವೆನ್ನಲು ಕಾರಣ ಹೇಳಬೇಕಲ್ಲ. ಈ ವಿಷಯ ನಮ್ಮ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಾಗಿಲು ತೆರೆದವರು ಅಪ್ಪನೇ. ಪೂಜೆ ಆಗಷ್ಟೇ ಮುಗಿದಿತ್ತೇನೋ, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಹಿಂದೆ ಅಮ್ಮ ನಿಂತಿದ್ದಳು. ನಾನು ಗುಂಪಿನ ಕೊನೆಯಲ್ಲಿ ತಲೆ ತಗ್ಗಿಸಿದೆ. ನನ್ನನ್ನು ಕಂಡರೆ ಈ ಮನುಷ್ಯ ಇಷ್ಟು ಜನರ ಎದುರೇ ಬಾಗಿಲು ಹಾಕುತ್ತಾರೆ, ನನಗೆ ಗೊತ್ತು.

ಮೇಡಂ ಕೈ ಮುಗಿದರು. "ನಮಸ್ಕಾರ ಸಾರ್. ನಾನು ನಿಮ್ಮನೆ ಮಗಳು. ಆಶೀರ್ವಾದ ಮಾಡ್ಬೇಕು."

ಅಪ್ಪನ ಕಣ್ಣು ಎಲ್ಲರನ್ನೂ ದಾಟಿ ಬಂದು ನನ್ನ ಮೇಲೆ ನಿಂತಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಓಟು ಕೇಳ್ರಮ್ಮ, ಬೇಡ ಅನ್ನಲ್ಲ" ಎಂದರು ಅಪ್ಪ. "ಆದ್ರೆ ಈ ಮನೆ ಮಗಳು ಅಂತ ಮಾತ್ರ ನೀವು ಹೇಳ್ಬೇಡಿ. ಈ ಮನೇಗೆ ಇರೋದು ಒಬ್ಳೇ ಮಗಳು. ನಿಮ್ಮ ಹಿಂದೆ ನಿಂತವ್ಳೆ."

ಎಲ್ಲರೂ ತಿರುಗಿ ನೋಡಿದರು. ಅಮ್ಮನ ಕಣ್ಣೀರು, ಹಿರಿಯರ ರಾಜಿ ಮಾತು, ಯಾವುದಕ್ಕೂ ಜಗ್ಗದ ಅಪ್ಪ! ಇನ್ನೊಬ್ಬರು ಬಂದು ಮಗಳ ಜಾಗ ಕೇಳಿದಾಗ ಬಿಟ್ಟುಕೊಡಲಾರದೆ ಹೋದರು.

"ನಿಮ್ಮ ಮನೇನಾ ಇದು?" ಎಂದು ಮೇಡಂ ನನ್ನನ್ನು ಮೆಲ್ಲಗೆ ಕೇಳಿದರು.

ಅಪ್ಪ ತಿರುಗಿ ಒಳಗೆ ಹೋದರು. ಬಾಗಿಲು ಮಾತ್ರ ಹಾಕಲಿಲ್ಲ.

"ಹೂಂ ಮೇಡಂ, ನಮ್ಮನೆ" ಎಂದು ಚಪ್ಪಲಿ ಬಿಟ್ಟೆ.