ಆರಾಮ ಎಂಬ ಉತ್ತರ

ನಮ್ಮ ಗದಗ ಸೀಮೆಯಲ್ಲಿ ಸಾಯುವವರನ್ನು ಕೇಳಿದರೂ ‘ಆರಾಮ ಅದೀನ್ರಿ’ ಅನ್ನುತ್ತಾರೆ. ಕೇಳಿದವರ ಮುಂದೆಲ್ಲ ಕಷ್ಟ ಬಿಚ್ಚಿಡುವುದು ನಮಗೆ ಮರ್ಯಾದೆಯಲ್ಲ. ಇದನ್ನು ಆ ಫಾರ್ಮು ತಯಾರಿಸಿದ ಪುಣ್ಯಾತ್ಮರಿಗೆ ಯಾರೂ ಹೇಳಿರಲಿಲ್ಲ.

ನಾನು ಅಖ್ತರಿ. ಮುಂಡರಗಿ ರಸ್ತೆಯಲ್ಲಿ ಮರೆವಿನ ಕಾಯಿಲೆಯ ಮುದುಕರ ಆಶ್ರಮವೊಂದಿದೆ, ಅಲ್ಲಿ ಒಂಬತ್ತು ವರ್ಷದಿಂದ ಆಯಾ. ಹದಿನಾರು ಜೀವಗಳಿಗೆ ಹಗಲು ಪಾಳಿಯಲ್ಲಿ ನಾನೊಬ್ಬಳೇ.

ಆ ಹದಿನಾರರಲ್ಲಿ ಡೋಣಿ ಊರಿನ ಗದಿಗೆವ್ವ ಒಬ್ಬಳು. ಮಕ್ಕಳ ಹೆಸರು ಮರೆತಿದ್ದಾಳೆ, ಗಂಡ ಸತ್ತದ್ದು ಮರೆತಿದ್ದಾಳೆ, ಎಮ್ಮೆ ಹಿಂಡುವ ಹೊತ್ತು ಮಾತ್ರ ಮರೆತಿಲ್ಲ. ಸಂಜೆ ನಾಲ್ಕು ಗಂಟೆಯಾದರೆ ಬಾಗಿಲು ಗುದ್ದಿ ಕೂಗುತ್ತಿದ್ದಳು. ಅದಕ್ಕೆ ನಿದ್ದೆ ಮಾತ್ರೆ ಕೊಡುತ್ತಿದ್ದೆವು. ಅದರ ಅಮಲಿನಲ್ಲಿ ಎರಡು ಸಲ ಬಿದ್ದು ದವಾಖಾನೆ ಸೇರಿದಳು.

ಆರು ತಿಂಗಳ ಹಿಂದೆ ಅಧ್ಯಕ್ಷ ಹುಚ್ಚೀರಪ್ಪನವರು ವಾಣಿಶ್ರೀ ಎಂಬ ಹುಡುಗಿಯನ್ನು ತಂದರು. ಒಬ್ಬೊಬ್ಬರ ಜೊತೆ ಅವರವರ ಹಳೆಯ ಕೆಲಸದಲ್ಲಿ ಒಂದಿಷ್ಟು ಹೊತ್ತು ಕೂಡುವುದೇ ಅವಳ ಕೆಲಸ. ಗದಿಗೆವ್ವನನ್ನು ಹಿತ್ತಲಾಚೆಯ ಕೊಟ್ಟಿಗೆಗೆ ಕರೆದೊಯ್ಯುತ್ತಾಳೆ. ಮುದುಕಿ ಎಮ್ಮೆಯ ಮೈ ತಿಕ್ಕಿ, ಅದಕ್ಕೆ ನಾಲ್ಕು ಬೈಗುಳ ಬೈದು, ತಣ್ಣಗೆ ಬಂದು ರೊಟ್ಟಿ ತಿನ್ನುತ್ತಾಳೆ. ಮಾತ್ರೆ ನಿಂತಿದೆ.

ಖರ್ಚಿಗೆ ತಕ್ಕ ಲಾಭವಾಗಿದೆಯೇ ಎಂದು ಅಳೆಯಲು ಧಾರವಾಡದಿಂದ ಸುಶ್ಮಿತಾ ಮೇಡಂ ಆ ಫಾರ್ಮು ಹಿಡಿದು ಬಂದಿದ್ದರು. ವಾಣಿಶ್ರೀ ಬರುವ ಮೊದಲೊಮ್ಮೆ ಕೇಳಿ ಹೋಗಿದ್ದರು, ಈಗ ಇನ್ನೊಮ್ಮೆ.

“ಆರಾಮ ಅದೀರೇನ್ರಿ ಅಮ್ಮಾ?”

“ಆರಾಮ ಅದೀನವಾ. ನಿಮ್ಮ ಮನ್ಯಾಗ ಎಲ್ಲಾರೂ ಆರಾಮೇನು?” ಎಂದಳು ಗದಿಗೆವ್ವ. ಆಗಲೂ ಇದನ್ನೇ ಅಂದಿದ್ದಳು.

ಹದಿನಾರೂ ಮಂದಿಯದು ಎರಡೂ ಸಲ ಅದೇ ಉತ್ತರ. ಹೀಗಾಗಿ ಲಾಭ ಸೊನ್ನೆ. ವಾಣಿಶ್ರೀಗೆ ತಿಂಗಳಿಗೆ ಒಂಬತ್ತು ಸಾವಿರ, ಮಾತ್ರೆಗೆ ಎಂಟುನೂರು. ಒಂದನೇ ತಾರೀಖಿನಿಂದ ಮಾತ್ರೆಯೇ ಸಾಕು ಎಂದು ವರದಿ ತಯಾರಾಯಿತು. ನನ್ನ ಮೈ ಉರಿದುಹೋಯಿತು.

ವರದಿ ನೋಡಲು ಹುಚ್ಚೀರಪ್ಪನವರು ಬಂದರು. ಹಿಂದಿನ ವಾರ ಬಿಂಕದಕಟ್ಟಿಯ ಹತ್ತಿರ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡಿದ್ದರು. ಹೆಗಲಿನವರೆಗೆ ಪ್ಲಾಸ್ಟರು.

“ಆರಾಮ ಅದೀರೇನ್ರಿ ಸಾವಕಾರ್ರ?” ಎಂದೆ.

“ಹೂಂ, ಆರಾಮ ಅದೀವಿ.”

“ಮೇಡಂ, ಬರ್ಕೋರಿ. ಸಾವಕಾರ್ರು ಆರಾಮ ಅದಾರ. ಹಂಗಂದಮ್ಯಾಲೆ ಆ ಪ್ಲಾಸ್ಟರ್ ಸುಮ್ನ ದಂಡ, ಬಿಚ್ಚಿ ಒಗ್ಯೂಣ್ರಿ.”

ಸಾಹುಕಾರರು ಮೊದಲು ಕಣ್ಣು ಬಿಟ್ಟರು, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. ನಾನು ನಗಲಿಲ್ಲ. “ಗದಿಗೆವ್ವ ಬಿದ್ದಾಗಿನ ದವಾಖಾನಿ ಬಿಲ್ಲ ಮಾತ್ರಿ ಲೆಕ್ಕದಾಗ ಹಿಡದೀರೇನ್ರಿ?” ಎಂದು ಕೇಳಿದೆ.

“ಅದನ್ನ ಆಕಿ ಮಗ ಕಟ್ಟ್ಯಾನ, ಆಶ್ರಮದ ಖರ್ಚಲ್ಲ,” ಎಂದರು ಮೇಡಂ.

“ಯಾರ ಕಿಸೆದಿಂದ ಹೋದ್ರೂ ರೊಕ್ಕ ರೊಕ್ಕನ ಅಲ್ಲೇನ್ರಿ?”

ಮೇಡಂ ಒಳ್ಳೆಯವರು, ಪೆನ್ನು ಕಚ್ಚುತ್ತ ಯೋಚಿಸಿದರು. “ಖರೆ ಐತಿ, ಅದನ್ನ ಸೇರಸ್ತೀನಿ. ಆದ್ರ ಬಿಲ್ಲ ಒಂದ ಸಾಲಂಗಿಲ್ಲ. ಮೊದ್ಲು ಆಕಿಗೆ ತ್ರಾಸ ಇತ್ತು ಅನ್ನಾಕ ಪುರಾವೆ ಬೇಕು. ರಿಜಿಸ್ಟರ್‌ನ್ಯಾಗ ದಿನಾ ಸಂಜೀಕ ‘ಶಾಂತವಾಗಿದ್ದರು’ ಅಂತ ಐತಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಸರಿಮಾಡಿಕೊಂಡೆ. ಹಾಗೆ ಬರೆದವಳು ನಾನೇ. ಮಾತ್ರೆಗೂ ಬಗ್ಗದ ದಿನ ನಾನು ಏನು ಮಾಡುತ್ತಿದ್ದೆ ಎಂಬುದು ನನಗೆ ಮತ್ತು ಗದಿಗೆವ್ವನಿಗೆ ಮಾತ್ರ ಗೊತ್ತಿತ್ತು. ಅವಳು ಮರೆತಿದ್ದಳು. ಈ ಕೆಲಸ ಹೋದರೆ ನನ್ನ ವಯಸ್ಸಿನವಳಿಗೆ ಇನ್ನೊಂದನ್ನು ಯಾರೂ ಕೊಡುವುದಿಲ್ಲ. ಆದರೂ ನಾನು ಸುಮ್ಮನಿದ್ದರೆ ಆ ಮುದುಕಿಯ ಪರವಾಗಿ ಹೇಳುವವರು ಇನ್ನಾರೂ ಇರಲಿಲ್ಲ.

“ಶಾಂತ ಇರ್ಲಿಲ್ರಿ. ಸೀರಿ ಚೂರಿನಿಂದ ಕೈ ಮಂಚಕ್ಕ ಕಟ್ತಿದ್ದೆ. ‘ಬಿಡ ಯವ್ವಾ, ಎಮ್ಮಿ ಒದರಾಕ ಹತ್ತೈತಿ’ ಅಂತಿದ್ಲು. ಹೊತ್ತು ಮುಳುಗೂತನಕ ಬಿಡ್ತಿರ್ಲಿಲ್ಲ. ವಾರದಾಗ ಮೂರು ದಿನ, ನಾಕು ದಿನ. ವಾಣಿಶ್ರೀ ಬಂದಮ್ಯಾಲೆ ಒಂದು ದಿನಾನೂ ಕಟ್ಟಿಲ್ಲ.”

ಸಾಹುಕಾರರ ನಗು ಇಂಗಿತು. “ಅಖ್ತರಿ, ಕಟ್ಟಿದವ್ರನ್ನ ಕೆಲಸದಿಂದ ತಗೀತೀವಿ ಅಂತ ಬಾಗ್ಲಾಗ ಬೋರ್ಡ್ ಹಾಕೇತಿ. ಗೊತ್ತೈತಿಲ್ಲೋ?”

“ಗೊತ್ತೈತ್ರಿ. ನನ್ನ ತಗದ್ರ ತಗೀರಿ. ಆ ಹುಡುಗಿನ್ನ ತಗೀಬ್ಯಾಡ್ರಿ.”

ಅವರು ವರದಿಯನ್ನು ಮೇಡಂ ಕಡೆಗೆ ಸರಿಸಿದರು. “ವಾಣಿಶ್ರೀ ಇರ್ಲಿ,” ಎಂದರು. “ನಿಂದು ಸೋಮವಾರ ಮೀಟಿಂಗಿನ್ಯಾಗ ನೋಡೂಣು.”

ಮೇಡಂ ವರದಿಯ ಸೊನ್ನೆಯನ್ನು ಹೊಡೆದುಹಾಕಿ, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. “ಹೆಸರು ಬರೀಲಿಲ್ಲಂದ್ರೂ ನಡೀತೈತಿ, ಒಬ್ಬರು ಸಿಬ್ಬಂದಿ ಅಂತ ಹಾಕ್ತೀನಿ,” ಎಂದರು ಮೆಲ್ಲಗೆ.

“ಬ್ಯಾಡ್ರಿ. ಹೆಸರಿಲ್ಲದ ಮಾತಿಗೆ ಮೀಟಿಂಗಿನ್ಯಾಗ ಯಾರು ಕಿಮ್ಮತ್ತು ಕೊಡ್ತಾರ?” ಎಂದು, ನನ್ನ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಬರೆಸಿದೆ.